ಹಾಲು, ಹುಲಿ, ಹತ್ತು: ಭಾಷಾಶಾಸ್ತ್ರ ವಿಜ್ಞಾನ ಆಗಿದ್ದು ಯಾವಾಗ?

ಕಬಿನಿ_ದಡ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಳೆದ ವಾರ ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂತು. ನಮ್ಮ ವಿಜ್ಞಾನದ ಮೇಷ್ಟ್ರು, "ಭಾಷಾವಿಜ್ಞಾನ ಅಂತೀರಿ, ಅದರಲ್ಲಿ ವಿಜ್ಞಾನ ಎಲ್ಲಿದೆ? ಪ್ರತಿ ನಿಯಮಕ್ಕೂ ನಾಲ್ಕು ಅಪವಾದ. ಕೈಬಿಟ್ಟ ಕಲ್ಲು ಭಾನುವಾರ ಮಾತ್ರ ಕೆಳಗೆ ಬೀಳಲ್ಲ ಅಂತ ನಮ್ಮಲ್ಲಿ ಹೇಳೋಕಾಗುತ್ತಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ದಿನ ಮಧ್ಯಾಹ್ನ ಒಂಬತ್ತನೇ ತರಗತಿಯ ನೋಟ್‌ಬುಕ್ ತಿದ್ದುತ್ತಿದ್ದೆ. ಮನೆಯಲ್ಲಿ ತಮಿಳು ಮಾತಾಡುವ ಒಬ್ಬ ಹುಡುಗಿ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಳು: ಪಾಲ್ – ಹಾಲು. ಪುಲಿ – ಹುಲಿ. ಪತ್ತು – ಹತ್ತು. ಪಲ್ – ಹಲ್ಲು. ಪಾಂಬು – ಹಾವು. ಪೂ – ಹೂವು. ಕೆಳಗೆ "ಯಾಕೆ ಮಿಸ್?" ಅಂತ ಒಂದು ಪ್ರಶ್ನೆ.

ಆ ಪುಟವನ್ನು ತುಂಬಾ ಹೊತ್ತು ನೋಡಿದೆ. ಇದು ಸುಮ್ನೆ ಕಾಕತಾಳೀಯ ಅಲ್ಲ ಅಂತ ಗೊತ್ತು. ಆದರೆ ಇದನ್ನು ನಿಯಮ ಅನ್ನಬಹುದಾ? ಭಾಷೆಯ ಅಧ್ಯಯನ ಯಾವಾಗ, ಯಾರಿಂದ ವಿಜ್ಞಾನ ಆಯಿತು? ತಿಳಿದವರು ಬಿಡಿಸಿ ಹೇಳಿ. ಸೋಮವಾರ ಆ ಹುಡುಗಿಗೂ ಮೇಷ್ಟ್ರಿಗೂ ಉತ್ತರ ಕೊಡಬೇಕು.

ನುಡಿಗಂಟು

ಮೇಡಂ, ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಅವಳು ಮಾಡಿದ್ದನ್ನೇ 1810ರ ದಶಕದಲ್ಲಿ ಯುರೋಪಿನ ದೊಡ್ಡ ದೊಡ್ಡ ಪಂಡಿತರು ಮಾಡುತ್ತಿದ್ದರು. ಎರಡು ಸಾಲು ಪದ ಬರೆಯೋದು, ಎಲ್ಲಿ ಯಾವ ಅಕ್ಷರ ಬದಲಾಗಿದೆ ಅಂತ ನೋಡೋದು.

ಸಾಮಾನ್ಯವಾಗಿ ಈ ಕಥೆಯನ್ನು ವಿಲಿಯಂ ಜೋನ್ಸ್‌ನಿಂದ ಶುರು ಮಾಡುತ್ತಾರೆ. ಅವನು ಕಲ್ಕತ್ತೆಯಲ್ಲಿ ನ್ಯಾಯಾಧೀಶ. 1786ರ ಫೆಬ್ರವರಿಯಲ್ಲಿ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತಾ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂದ. ಇದು ದೊಡ್ಡ ಮಾತು, ನಿಜ. ಆದರೆ ನನ್ನ ಲೆಕ್ಕದಲ್ಲಿ ಇದು ಇನ್ನೂ ವಿಜ್ಞಾನ ಅಲ್ಲ, ಒಳ್ಳೆಯ ಊಹೆ ಅಷ್ಟೇ. ಹೋಲಿಕೆ ಕಂಡಿದ್ದ. ಹೋಲಿಕೆಗೆ ಕಟ್ಟುಪಾಡು ಇದೆ ಅಂತ ತೋರಿಸಿರಲಿಲ್ಲ.

ನಮ್ಮ ಕಡೆಯ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು, ಯಾಕಂದ್ರೆ ಇದನ್ನು ಎಲ್ಲರೂ ಮರೆಯುತ್ತಾರೆ. ಕನ್ನಡ, ತಮಿಳು, ತೆಲುಗು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಮನೆತನ ಅಂತ ಮೊದಲು ಆಧಾರ ಸಹಿತ ಅಚ್ಚಿನಲ್ಲಿ ತೋರಿಸಿದವನು ಫ್ರಾನ್ಸಿಸ್ ವೈಟ್ ಎಲ್ಲಿಸ್. ಮದರಾಸಿನ ಕಲೆಕ್ಟರ್. ವರ್ಷ 1816. ಕ್ಯಾಂಪ್‌ಬೆಲ್ ಬರೆದ ತೆಲುಗು ವ್ಯಾಕರಣಕ್ಕೆ ಜೋಡಿಸಿದ ಟಿಪ್ಪಣಿಯಲ್ಲಿ ಎಲ್ಲಿಸ್ ಮೂರೂ ಭಾಷೆಯ ಧಾತುಗಳನ್ನು ಅಕ್ಕಪಕ್ಕ ಇಟ್ಟ. ಅವನ ಜೊತೆ ಪಟ್ಟಾಭಿರಾಮ ಶಾಸ್ತ್ರಿಗಳಂಥ ಇಲ್ಲಿನ ಪಂಡಿತರು ಕೆಲಸ ಮಾಡಿದ್ದರು. ಕಾಲ್ಡ್‌ವೆಲ್‌ನ ಹೆಸರಾಂತ ದ್ರಾವಿಡ ವ್ಯಾಕರಣ ಬಂದಿದ್ದು ಅದಾಗಿ 40 ವರ್ಷದ ಮೇಲೆ, 1856ರಲ್ಲಿ. ಜರ್ಮನಿಯಲ್ಲಿ ಫ್ರಾಂಜ್ ಬಾಪ್ ಸಂಸ್ಕೃತದ ಕ್ರಿಯಾರೂಪಗಳನ್ನು ಗ್ರೀಕ್, ಲ್ಯಾಟಿನ್, ಪರ್ಷಿಯನ್ ಜೊತೆ ಹೋಲಿಸಿ ಪುಸ್ತಕ ತಂದಿದ್ದೂ ಅದೇ 1816ರಲ್ಲಿ.

ಆಮೇಲೆ ಬಂದರು ಡೆನ್ಮಾರ್ಕಿನ ರಾಸ್ಕ್ ಮತ್ತು ಜರ್ಮನಿಯ ಯಾಕೋಬ್ ಗ್ರಿಮ್. ಹೌದು, ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಅದೇ ಗ್ರಿಮ್. 1822ರಲ್ಲಿ ಅವನು ಒಂದು ಸಾಲುಸಾಲು ಬದಲಾವಣೆಯನ್ನು ಪಟ್ಟಿ ಮಾಡಿದ. ಸಂಸ್ಕೃತ, ಲ್ಯಾಟಿನ್ನಿನಲ್ಲಿ ಪದದ ಮೊದಲು "ಪ" ಇದ್ದ ಕಡೆ ಇಂಗ್ಲಿಷ್, ಜರ್ಮನ್ ಕಡೆಯ ಭಾಷೆಗಳಲ್ಲಿ "ಫ" ಬರುತ್ತದೆ. ಪಿತೃ – ಫಾದರ್, ಪಾದ – ಫುಟ್. "ತ" ಇದ್ದ ಕಡೆ "ಥ": ತ್ರಿ – ಥ್ರೀ, ತೃಷೆ – ಥರ್ಸ್ಟ್. ಲ್ಯಾಟಿನ್ನಿನ "ಕ" ಇದ್ದ ಕಡೆ "ಹ": ಕೆಂಟುಮ್ – ಹಂಡ್ರೆಡ್, ಕಾರ್ನು – ಹಾರ್ನ್. ನಿಮ್ಮ ಹುಡುಗಿಯ ಪೆನ್ಸಿಲ್ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ ನೋಡಿ.

ತೂಕ_ಅಳತೆ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಿಮ್ಮ ಸ್ಟಾಫ್ ರೂಮಿನ ಮೇಷ್ಟ್ರ ಪರವಾಗಿ ಎರಡು ಮಾತು. ಜಗಳಕ್ಕಲ್ಲ, ತಿಳಿಯೋ ಆಸೆಯಿಂದ.

ನುಡಿಗಂಟು ಅವರೇ, ನೀವು ಕೊಟ್ಟಿದ್ದು ಒಪ್ಪುವ ಉದಾಹರಣೆಗಳು. ಒಪ್ಪದವು ಎಲ್ಲಿ? ಭ್ರಾತೃ, ಪಿತೃ ಎರಡರಲ್ಲೂ ನಡುವೆ "ತ" ಇದೆ. ಜರ್ಮನ್‌ನಲ್ಲಿ ಅಣ್ಣತಮ್ಮಂದಿರಿಗೆ ಬ್ರೂಡರ್ ಅಂತಾರೆ, ಅಪ್ಪನಿಗೆ ಫಾಟರ್, ಅಮ್ಮನಿಗೆ ಮುಟ್ಟರ್. ಒಂದರಲ್ಲಿ ಡ, ಎರಡರಲ್ಲಿ ಟ. ಒಂದೇ ನಿಯಮವಾದರೆ ಒಂದೇ ಫಲ ಬರಬೇಕು ಅಲ್ವಾ? ಇದಕ್ಕೆ "ಭಾಷೆ ಅಂದ್ರೆ ಹಾಗೇನೇ" ಅನ್ನುವ ಉತ್ತರ ಬಂದರೆ ನಾನು ವಿಜ್ಞಾನ ಅಂತ ಒಪ್ಪಲಾರೆ.

ನುಡಿಗಂಟು

ಸರ್, ನೀವು ಸರಿಯಾದ ಗಾಯದ ಮೇಲೇ ಬೆರಳಿಟ್ಟಿರಿ. ಗ್ರಿಮ್ ಕೂಡ ನಿಮ್ಮ ಪ್ರಶ್ನೆಯ ಮುಂದೆ ನಿಂತುಬಿಟ್ಟಿದ್ದ. ಬಹುಪಾಲು ಪದಗಳಲ್ಲಿ ಬದಲಾವಣೆ ಆಗಿದೆ, ಕೆಲವಲ್ಲಿ ಆಗಿಲ್ಲ ಅಂತ ಬಿಟ್ಟ. ಅಲ್ಲಿಗೆ 50 ವರ್ಷ ಆ ತೊಡಕು ಹಾಗೇ ಉಳಿಯಿತು.

1875ರಲ್ಲಿ ಇದನ್ನು ಬಿಡಿಸಿದವನು ಕಾರ್ಲ್ ವೆರ್ನರ್ ಅನ್ನುವ ಡೆನ್ಮಾರ್ಕಿನ ತರುಣ. ಒಂದು ಮಧ್ಯಾಹ್ನ ನಿದ್ದೆ ಬರಲಿ ಅಂತ ಬಾಪ್‌ನ ವ್ಯಾಕರಣ ತೆಗೆದು ಮಲಗಿದ್ದನಂತೆ. ತೆರೆದ ಪುಟದಲ್ಲಿ ಸಂಸ್ಕೃತ ಪದಗಳ ಮೇಲಿನ ಸ್ವರದ ಗುರುತು ಕಣ್ಣಿಗೆ ಬಿತ್ತು. ಭ್ರಾತೃ ಪದದಲ್ಲಿ ಉದಾತ್ತ, ಅಂದರೆ ಏರುದನಿ, ಮೊದಲನೇ ಅಕ್ಷರದ ಮೇಲಿದೆ. ಪಿತೃ, ಮಾತೃ ಎರಡರಲ್ಲೂ ಕೊನೆಯ ಅಕ್ಷರದ ಮೇಲೆ. ಅಷ್ಟೇ. ಉದಾತ್ತ "ತ"ಕಾರದ ಹಿಂದಿನ ಅಕ್ಷರದ ಮೇಲೆ ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ. ಬ್ರೂಡರ್ ಯಾಕೆ ಬೇರೆ, ಫಾಟರ್ ಯಾಕೆ ಬೇರೆ ಅನ್ನೋದಕ್ಕೆ ಕಾರಣ ಅಲ್ಲೇ ಕೂತಿತ್ತು. ಉಳಿದ ತೊಡಕಿನ ಪದಗಳೂ ಒಂದೊಂದಾಗಿ ಸಾಲಿಗೆ ಬಂದು ನಿಂತವು.

ಇದರಲ್ಲಿ ನನಗೆ ಈಗಲೂ ಮೈ ಜುಮ್ ಅನ್ನಿಸುವ ಸಂಗತಿ ಒಂದಿದೆ. ಜರ್ಮನ್ ಕಡೆಯ ಭಾಷೆಗಳಲ್ಲಿ ಆ ಹಳೆಯ ಸ್ವರಭೇದ ಯಾವತ್ತೋ ಅಳಿಸಿಹೋಗಿತ್ತು. ಎಲ್ಲರೂ ಪದದ ಮೊದಲ ಭಾಗವನ್ನೇ ಒತ್ತಿ ಹೇಳೋರು. ಕಾರಣ ಕಳೆದುಹೋಗಿದೆ, ಪರಿಣಾಮ ಮಾತ್ರ ಉಳಿದಿದೆ. ಆ ಕಾರಣ ಎಲ್ಲಿ ಸಿಕ್ಕಿತು? ಸಾವಿರಾರು ಮೈಲಿ ದೂರದಲ್ಲಿ, ವೇದ ಹೇಳುವವರ ಬಾಯಲ್ಲಿ. ಋಗ್ವೇದದ ಪುಸ್ತಕ ನೋಡಿ. ತಗ್ಗುದನಿಯ ಅನುದಾತ್ತಕ್ಕೆ ಕೆಳಗೆ ಗೆರೆ, ಏರಿ ಇಳಿಯುವ ಸ್ವರಿತಕ್ಕೆ ಮೇಲೆ ಗೆರೆ. ಬರೆದಿಡುವ ಮೊದಲೇ ಎಷ್ಟೋ ತಲೆಮಾರು ಅದನ್ನು ಸ್ವರ ತಪ್ಪದ ಹಾಗೆ ಒಪ್ಪಿಸಿದ್ದರು.

ವೆರ್ನರ್‌ನ ಲೇಖನ 1877ರಲ್ಲಿ ಅಚ್ಚಾಯಿತು. ಮರುವರ್ಷವೇ ಜರ್ಮನಿಯ ಲೈಪ್ಜಿಗ್‌ನ ಆಸ್ಟಾಫ್ ಮತ್ತು ಬ್ರೂಗ್ಮನ್ ಅನ್ನುವ ಇಬ್ಬರು ತರುಣರು ಘೋಷಣೆಯನ್ನೇ ಬರೆದರು: ಧ್ವನಿನಿಯಮಕ್ಕೆ ಅಪವಾದ ಇಲ್ಲ. ಹಿರಿಯರಿಗೆ ಇದು ಹಿಡಿಸಲಿಲ್ಲ. ಆದರೆ ನನ್ನ ಮಟ್ಟಿಗೆ ಭಾಷಾಶಾಸ್ತ್ರ ವಿಜ್ಞಾನ ಆಗಿದ್ದು ಆ ಹೊತ್ತಿಗೆ. ಅಪವಾದ ಕಂಡರೆ "ಇರಲಿ ಬಿಡು" ಅನ್ನೋ ಹಾಗಿಲ್ಲ. ಇನ್ನೊಂದು ನಿಯಮ ಹುಡುಕಬೇಕು. ಇಲ್ಲವೇ ಆ ಪದ ಎರವಲು ಬಂದಿದೆ ಅಂತ ತೋರಿಸಬೇಕು. ಇಲ್ಲವೇ ಬೇರೆ ಪದದ ಮಾದರಿ ನೋಡಿ ಜನ ಅದನ್ನು ತಿದ್ದಿಕೊಂಡಿದ್ದಾರೆ ಅಂತ ತೋರಿಸಬೇಕು. ಚಿಕ್ಕ ಮಕ್ಕಳು "ನೋಡಿದೆ, ಹಾಡಿದೆ" ಕೇಳಿ "ಕೊಡಿದೆ" ಅಂತಾರಲ್ಲ, ಹಾಗೆ. ಇದ್ಯಾವುದೂ ಆಗದಿದ್ದರೆ ನಿಮ್ಮ ನಿಯಮ ತಪ್ಪು.

ನೇತ್ರಾವತಿ_ತೀರ

ತುಂಬಾ ಖುಷಿಯಾಯಿತು ಓದಿ. ನಮ್ಮ ಮನೆಮಾತು ತುಳು. ನಮ್ಮಲ್ಲಿ ಇವತ್ತಿಗೂ "ಪ"ಕಾರವೇ. ಹುಲಿ ಅಲ್ಲ ಪಿಲಿ, ಹತ್ತು ಅಲ್ಲ ಪತ್ತ್, ಹೂವು ಅಲ್ಲ ಪೂ, ಹೆಸರು ಅಲ್ಲ ಪುದರ್. ಚಿಕ್ಕವನಿದ್ದಾಗ ಘಟ್ಟದ ಮೇಲಿನ ಹುಡುಗರು ನಮ್ಮ "ಪಿಲಿ" ಕೇಳಿ ನಗುತ್ತಿದ್ದರು. ನಮ್ಮದು ಕೆಟ್ಟ ಕನ್ನಡ ಅಂತ ನಾನೂ ನಂಬಿದ್ದೆ. ಈಗ ನೋಡಿದರೆ ಹಳೆಯದನ್ನು ಉಳಿಸಿಕೊಂಡವರು ನಾವು.

ಒಂದು ಪ್ರಶ್ನೆ. ಅಪ್ಪ ಯಾಕೆ "ಅಹ್ಹ" ಆಗಲಿಲ್ಲ? ಉಪ್ಪು ಯಾಕೆ ಉಪ್ಪಾಗೇ ಉಳಿಯಿತು? ಇನ್ನೂ ಮುಖ್ಯವಾಗಿ, ಹಾಲು ಆಯಿತು ಸರಿ, ಆಸ್ತಿಯಲ್ಲಿ ಪಾಲು ಅಂತೀವಲ್ಲ, ಅದು ಯಾಕೆ ಹಾಲಾಗಲಿಲ್ಲ?

ನುಡಿಗಂಟು

ಎಂಥ ಪ್ರಶ್ನೆ ಅಣ್ಣ! ಕೊನೆಯದನ್ನು ಸ್ವಲ್ಪ ತಡೆದು ಹೇಳುತ್ತೇನೆ, ಅದು ಎಲ್ಲಕ್ಕಿಂತ ಗಟ್ಟಿ ಕಾಯಿ.

ಅಪ್ಪ, ಉಪ್ಪು, ತಪ್ಪು: ಈ ಬದಲಾವಣೆ ಆಗಿದ್ದು ಪದದ ಮೊದಲಿಗೆ ಬರುವ ಒಂಟಿ "ಪ"ಕಾರಕ್ಕೆ. ನಡುವೆ ಒತ್ತಿ ಬರುವ "ಪ್ಪ" ಅದಕ್ಕೆ ಒಳಪಟ್ಟಿಲ್ಲ. ಹಾಗಾಗಿ ಇವು ಅಪವಾದ ಅಲ್ಲ, ನಿಯಮದ ಎಲ್ಲೆ. ನೀರು ನೂರು ಡಿಗ್ರಿಗೆ ಕುದಿಯುತ್ತೆ ಅಂದಾಗ ಗಾಳಿಯ ಒತ್ತಡ ಎಷ್ಟು ಅಂತ ಹೇಳಬೇಕಲ್ಲ, ಹಾಗೆ.

ಕಾಲವೂ ಒಂದು ಎಲ್ಲೆ. ಪಂಪ 941ರಲ್ಲಿ ಬರೆದಾಗ ಪೂ, ಪೊನ್, ಪೊಸ ಅಂತಲೇ ಬರೆದ. ಆ ಶತಮಾನದಿಂದಾಚೆ ಶಾಸನಗಳಲ್ಲಿ ಹಕಾರ ಕಾಣಿಸಿಕೊಂಡು ಬರಬರುತ್ತಾ ಜಾಸ್ತಿ ಆಗುತ್ತದೆ. ಈ ಅಲೆ ಬರುವ ಮೊದಲೇ ಕನ್ನಡಕ್ಕೆ ಬಂದು ಮನೆಮಾತಾದ ಸಂಸ್ಕೃತ ಪದಗಳೂ ಅದರಲ್ಲಿ ಕೊಚ್ಚಿಹೋದವು. ಪರ್ವ ಪಬ್ಬವಾಯಿತು, ಪಬ್ಬ ಹಬ್ಬವಾಯಿತು. ಪುಸ್ತಕ ಪೊತ್ತಗೆಯಾಗಿ ಹೊತ್ತಗೆಯಾಯಿತು. ಪಕ್ಷಿ ಪಕ್ಕಿಯಾಗಿ ಹಕ್ಕಿಯಾಯಿತು. ಓದುಬರಹದ ಮೂಲಕ ಮತ್ತೆ ತಂದುಕೊಂಡ ಪುಸ್ತಕ, ಪಕ್ಷಿ, ಪರ್ವ ಹಾಗೇ ಇವೆ. ಅಂದರೆ ಒಂದು ಪದ ನಮ್ಮಲ್ಲಿ ಎಷ್ಟು ಹಳೆಯ ನೆಂಟ ಅನ್ನೋದನ್ನು ಅದರ ಮೊದಲ ಅಕ್ಷರವೇ ಹೇಳಿಬಿಡುತ್ತೆ!

ಇನ್ನೊಂದು ಉದಾಹರಣೆ ಕೊಡದೆ ಇರಲಾರೆ, ಯಾಕಂದ್ರೆ ಇದು ನಮ್ಮದೇ ವೆರ್ನರ್ ಕಥೆ. ನಮ್ಮ ಕಿವಿ ತಮಿಳಲ್ಲಿ ಚೆವಿ. ನಮ್ಮ ಕೇರಿ ಅಲ್ಲಿ ಚೇರಿ. ನಮ್ಮ ಕಿರು ಅಲ್ಲಿ ಚಿರು. ಇ, ಎ ಸ್ವರದ ಹಿಂದಿನ "ಕ"ಕಾರ ತಮಿಳಿನಲ್ಲಿ "ಚ" ಆಗಿದೆ. ಈಗ ಅಪವಾದ: ಕೆಡು ಅನ್ನೋದು ತಮಿಳಲ್ಲೂ ಕೆಡು. ಗಿಳಿ ಅಲ್ಲಿ ಕಿಳಿ, ಚಿಳಿ ಅಲ್ಲ. ಯಾಕೆ? ನಾಲಿಗೆ ಮಡಿಸಿ ಹೇಳಿ ನೋಡಿ. ಕೆ-ಡು. ಕಿ-ಳಿ. ಸ್ವರದ ಮುಂದೆಯೇ ಡ, ಳ ಇದೆ, ನಾಲಿಗೆ ಆಗಲೇ ಹಿಂದಕ್ಕೆ ಮಡಚಿಕೊಳ್ಳೋಕೆ ಹೊರಟಿರುತ್ತೆ. "ಚ" ಹೇಳೋಕೆ ನಾಲಿಗೆ ಮುಂದೆ ಹೋಗಬೇಕು. ಎರಡೂ ಒಟ್ಟಿಗೆ ಆಗಲ್ಲ. ಹಾಗಾಗಿ ಮುಂದೆ ಮೂರ್ಧನ್ಯ ವ್ಯಂಜನ ಇದ್ದ ಕಡೆ "ಕ" ಉಳಿದುಕೊಂಡಿತು. ಅಪವಾದದೊಳಗೂ ನಿಯಮ ಇತ್ತು.

ಸೂತ್ರಪಾಠಿ

ಕ್ಷಮಿಸಿ, ಒಂದು ತಕರಾರು. ಎಲ್ಲ ಗೌರವವನ್ನೂ 19ನೇ ಶತಮಾನದ ಜರ್ಮನಿಗೆ ಕೊಡುತ್ತಿದ್ದೀರಿ. ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಸುಮಾರು 4,000 ಸೂತ್ರಗಳಲ್ಲಿ ಒಂದು ಇಡೀ ಭಾಷೆಯನ್ನು ಕಟ್ಟಿಕೊಟ್ಟ. ಯಾವ ಸೂತ್ರ ಮೊದಲು, ಯಾವುದು ಆಮೇಲೆ, ಎರಡು ಸೂತ್ರ ಎದುರಾದರೆ ಗೆಲ್ಲೋದು ಯಾವುದು ಅಂತ ಕೂಡ ಹೇಳಿದ. ಅಪವಾದಗಳಿಗೂ ಅಲ್ಲಿ ಜಾಗ ಇದೆ. ಅದಕ್ಕಿಂತ ವಿಜ್ಞಾನ ಇನ್ನೇನು ಬೇಕು?

ನುಡಿಗಂಟು

ಒಪ್ಪುತ್ತೇನೆ ಸರ್, ಮನಸಾರೆ. ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಪಾಣಿನಿಯ ವ್ಯಾಕರಣವನ್ನು ಮನುಷ್ಯನ ಬುದ್ಧಿಯ ಅತಿ ದೊಡ್ಡ ಸ್ಮಾರಕಗಳಲ್ಲಿ ಒಂದು ಅಂದ. ಬಾಯಿಮಾತಿಗೆ ಅಂದಿದ್ದಲ್ಲ. ಮೆನೊಮಿನಿ ಅನ್ನುವ ಅಮೆರಿಕದ ಮೂಲನಿವಾಸಿ ಭಾಷೆಗೆ 1939ರಲ್ಲಿ ಅವನು ಬರೆದ ವಿವರಣೆ ಪಾಣಿನಿಯ ದಾರಿಯಲ್ಲೇ ಇದೆ. ಒಂದಾದ ಮೇಲೆ ಒಂದು ಸೂತ್ರ, ಕ್ರಮ ತಪ್ಪಿದರೆ ಪದ ತಪ್ಪುತ್ತೆ.

ಆದರೂ ಒಂದು ಪ್ರಶ್ನೆಯನ್ನು ಪಾಣಿನಿ ಕೇಳಲಿಲ್ಲ. ಅವನ ಕೆಲಸಕ್ಕೆ ಅದು ಬೇಕಿರಲಿಲ್ಲ. ಈ ಭಾಷೆ ಸಾವಿರ ವರ್ಷದ ಹಿಂದೆ ಹೇಗಿತ್ತು, ಪಕ್ಕದ ಭಾಷೆಗೂ ಇದಕ್ಕೂ ಏನು ಸಂಬಂಧ ಅನ್ನೋದು. ಹೊಸದಾಗಿ ಬಂದಿದ್ದು ಆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಹೊರಟವರ ಕೈಯಲ್ಲಿ ಸಂಸ್ಕೃತ ವ್ಯಾಕರಣ ಇಲ್ಲದಿದ್ದರೆ ಪದವನ್ನು ಧಾತು, ಪ್ರತ್ಯಯ ಅಂತ ಬಿಡಿಸೋದೇ ಅವರಿಗೆ ಕಷ್ಟ ಆಗುತ್ತಿತ್ತು.

ತೂಕ_ಅಳತೆ

ವೆರ್ನರ್ ಕಥೆ ಮೂರು ಸಲ ಓದಿದೆ. ಚೆನ್ನಾಗಿದೆ. ಆದರೆ ಇದೆಲ್ಲ ಆಗಿಹೋದದ್ದಕ್ಕೆ ಕೊಟ್ಟ ವಿವರಣೆ. ಇನ್ನೂ ಯಾರೂ ನೋಡದ್ದನ್ನು ಮೊದಲೇ ಹೇಳಿ, ಆಮೇಲೆ ಅದು ಸಿಕ್ಕಿದ ಉದಾಹರಣೆ ಇದೆಯಾ?

ನುಡಿಗಂಟು

ಇದೆ ಸರ್. ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ.

ಫರ್ಡಿನಾಂಡ್ ದ ಸೊಸ್ಯೂರ್. ಜಿನೀವಾದವನು, ಲೈಪ್ಜಿಗ್‌ನಲ್ಲಿ ಓದುತ್ತಿದ್ದ. 1878ರ ಕೊನೆಗೆ, 21ನೇ ವಯಸ್ಸಿಗೆ, ಮೂಲ ಇಂಡೋ-ಯುರೋಪಿಯನ್ ಭಾಷೆಯ, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗೆಲ್ಲ ಮೂಲವಾದ ಆ ಅಳಿದುಹೋದ ಭಾಷೆಯ, ಸ್ವರಗಳ ಮೇಲೆ ಒಂದು ಪುಸ್ತಕ ತಂದ. ಗ್ರೀಕ್, ಸಂಸ್ಕೃತ, ಲ್ಯಾಟಿನ್‌ನಲ್ಲಿ ಸ್ವರಗಳು ಬದಲಾಗುವ ರೀತಿಯನ್ನು ಲೆಕ್ಕ ಹಾಕಿದರೆ ಕೆಲವು ಕಡೆ ಲೆಕ್ಕ ಸರಿಹೋಗುತ್ತಿರಲಿಲ್ಲ. ಆ ಜಾಗಗಳಲ್ಲಿ ಒಂದು ಕಾಲಕ್ಕೆ ಇನ್ನೇನೋ ಧ್ವನಿ ಇದ್ದಿರಬೇಕು, ಅದು ಪಕ್ಕದ ಸ್ವರದ ಬಣ್ಣ ಬದಲಿಸಿ ತಾನು ಮಾಯವಾಗಿದೆ ಅಂದ. ಆಗ ಗೊತ್ತಿದ್ದ ಯಾವ ಭಾಷೆಯಲ್ಲೂ ಆ ಧ್ವನಿ ಇರಲಿಲ್ಲ. ಬರೀ ಲೆಕ್ಕದ ಬಲದ ಮೇಲೆ ಹೇಳಿದ್ದು. ತುಂಬಾ ಜನ ನಂಬಲಿಲ್ಲ.

ಸೊಸ್ಯೂರ್ 1913ರಲ್ಲಿ ತೀರಿಕೊಂಡ. 1915ರಲ್ಲಿ ಹ್ರೋಜ್ನಿ ಅನ್ನುವ ಚೆಕ್ ವಿದ್ವಾಂಸ ಟರ್ಕಿಯಲ್ಲಿ ಸಿಕ್ಕಿದ ಮಣ್ಣಿನ ಫಲಕಗಳ ಹಿಟ್ಟೈಟ್ ಭಾಷೆಯನ್ನು ಬಿಡಿಸಿದ. ಅದೂ ಇದೇ ಮನೆತನದ್ದು, ತುಂಬಾ ಹಳೆಯದು. 1927ರಲ್ಲಿ ಪೋಲೆಂಡಿನ ಕುರಿಲೊವಿಚ್ ಆ ಫಲಕಗಳಲ್ಲಿ ಒಂದು ಹಕಾರದಂಥ ಧ್ವನಿ ಇರೋದನ್ನು ತೋರಿಸಿದ. ಸೊಸ್ಯೂರ್ ಬೆರಳಿಟ್ಟು ಹೇಳಿದ ಜಾಗಗಳಲ್ಲೇ! ನಮಗೆ ಹತ್ತಿರದ ಪದ ಹೇಳುತ್ತೇನೆ. ಎಲುಬಿಗೆ ಸಂಸ್ಕೃತದಲ್ಲಿ ಅಸ್ಥಿ, ಗ್ರೀಕ್‌ನಲ್ಲಿ ಆಸ್ಟಿಯೊನ್. ಹಿಟ್ಟೈಟ್‌ನಲ್ಲಿ "ಹಸ್ತಾಯ್". ಮೂರು ಸಾವಿರ ವರ್ಷ ಮಣ್ಣಿನಲ್ಲಿ ಹೂತುಹೋಗಿದ್ದ ಒಂದು ಹಕಾರ ಅದು. ಸೊಸ್ಯೂರ್ ಇದನ್ನು ನೋಡಲಿಲ್ಲವಲ್ಲ ಅಂತ ಪ್ರತಿ ಸಲವೂ ಸಂಕಟ ಆಗುತ್ತೆ.

ತೂಕ_ಅಳತೆ

ಇದಕ್ಕೆ ನನ್ನ ಹತ್ತಿರ ತಕರಾರಿಲ್ಲ. ಇದು ವಿಜ್ಞಾನ.

ಸಾಧನಕೇರಿ

ಸೊಸ್ಯೂರ್ ಬಗ್ಗೆ ಅರ್ಧವೇ ಹೇಳಿ ಬಿಟ್ಟಿರಿ. ಜಗತ್ತು ಅವನನ್ನು ನೆನೆಯೋದು ಇನ್ನೊಂದು ಕಾರಣಕ್ಕೆ. 1907ರಿಂದ 1911ರ ನಡುವೆ ಜಿನೀವಾದಲ್ಲಿ ಮೂರು ಸಲ ಸಾಮಾನ್ಯ ಭಾಷಾಶಾಸ್ತ್ರದ ಪಾಠ ಮಾಡಿದ. ಅದನ್ನು ಅವನು ಪುಸ್ತಕ ಮಾಡಲಿಲ್ಲ. ವಿದ್ಯಾರ್ಥಿಗಳ ಟಿಪ್ಪಣಿ ಕಲೆಹಾಕಿ ಬಾಲಿ ಮತ್ತು ಸೆಶಹೇ ಅನ್ನುವ ಸಹೋದ್ಯೋಗಿಗಳು 1916ರಲ್ಲಿ ಅಚ್ಚು ಹಾಕಿಸಿದರು. ಚದುರಂಗದ ಮಣೆ ನೋಡಿ ಅಂದ ಅವನು. ಆಟದ ನಡುವೆ ಬಂದವನಿಗೂ ಈಗಿನ ಸ್ಥಿತಿ ಅರ್ಥವಾಗುತ್ತೆ, ಹಿಂದಿನ ನಡೆಗಳೆಲ್ಲ ಗೊತ್ತಿರಬೇಕಿಲ್ಲ. ಕುದುರೆ ಮರದ್ದೋ ದಂತದ್ದೋ ಅನ್ನೋದು ಲೆಕ್ಕಕ್ಕಿಲ್ಲ. ಉಳಿದ ಕಾಯಿಗಳಿಗಿಂತ ಅದು ಹೇಗೆ ಬೇರೆ ಅನ್ನೋದಷ್ಟೇ ಮುಖ್ಯ. ಭಾಷೆಯ ಧ್ವನಿಗಳೂ ಹಾಗೇ.

ಅಕ್ಕಾ, ನಿಮ್ಮ ಆ ತಮಿಳು ಹುಡುಗಿ ಉಕ್ತಲೇಖನದಲ್ಲಿ ಪ–ಬ, ಕ–ಗ ಅದಲುಬದಲು ಮಾಡುತ್ತಾಳಾ?

ಕಬಿನಿ_ದಡ

ಅಯ್ಯೋ, ಹೌದು! "ತಂಬಿ"ಯನ್ನು "ತಂಪಿ" ಅಂತ ಬರೆಯುತ್ತಾಳೆ. ಎರಡು ವರ್ಷದಿಂದ ಕೆಂಪು ಗೆರೆ ಎಳೆಯುತ್ತಿದ್ದೇನೆ, ಅಂಕ ಕಳೆಯುತ್ತಿದ್ದೇನೆ. ಗಮನ ಇಲ್ಲ ಅಂತ ಬೈದದ್ದೂ ಇದೆ.

ಸಾಧನಕೇರಿ

ಗಮನ ಇಲ್ಲದ್ದಲ್ಲ ಅಕ್ಕಾ. ಅವಳ ಕಿವಿ ತಮಿಳಿನ ಚದುರಂಗಕ್ಕೆ ಒಗ್ಗಿದೆ. ತಮಿಳಿನಲ್ಲಿ ಪದದ ಮೊದಲು ಪ, ಅನುನಾಸಿಕದ ಮುಂದೆ ಬ. ಎಲ್ಲಿ ಯಾವುದು ಬರುತ್ತೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಹಾಗಾಗಿ ಒಂದೇ ಅಕ್ಷರ ಸಾಕು. ಕನ್ನಡದಲ್ಲಿ ಪಾಲು ಬೇರೆ, ಬಾಲ ಬೇರೆ. ನಮಗೆ ಎರಡು ಕಾಯಿ, ಅವಳಿಗೆ ಒಂದೇ ಕಾಯಿ. ಈ "ಕಾಯಿ"ಗೆ ಧ್ವನಿಮಾ ಅಂತಾರೆ. ಪ್ರಾಗ್ ನಗರದಲ್ಲಿ 1926ರಲ್ಲಿ ಸೇರಿದ ವಿದ್ವಾಂಸರ ಕೂಟ, ಅದರಲ್ಲೂ ಟ್ರುಬೆಟ್ಸ್‌ಕೊಯ್ ಮತ್ತು ಯಾಕೊಬ್ಸನ್, ಈ ವಿಚಾರವನ್ನು ಗಟ್ಟಿ ಮಾಡಿದರು. ಅವಳಿಗೆ ಪ–ಬ ಜೋಡಿ ಪದಗಳನ್ನು ಕೇಳಿಸಿ, ಬೇಗ ಹಿಡಿಯುತ್ತಾಳೆ.

ಕೆಂಪುಮಣ್ಣು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅಂಕ ಕಳೆದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಕಡೆ ಹಳ್ಳಿ. ನಮ್ಮಜ್ಜಿ ಹಕಾರವನ್ನೇ ಆಡುತ್ತಿರಲಿಲ್ಲ. ಬೆಳಗ್ಗೆ ಕೊಟ್ಟಿಗೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, "ಆಲು ಕುಡ್ಕೊ ಮಗಾ, ಬಿಸಿ ಆರೋಯ್ತದೆ" ಅನ್ನೋಳು. ನಾನೂ ಹಾಗೇ ಮಾತು ಕಲಿತೆ. ಐದನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು "ಹಸು" ಅಂತ ಓದಿಸಿದರು. ನಾನು "ಅಸು" ಅಂದೆ. ಬೆಂಚಿನ ಮೇಲೆ ನಿಲ್ಲಿಸಿ ಹತ್ತು ಸಲ ಹೇಳಿಸಿದರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ನಾಲ್ಕು ಜನರ ಮುಂದೆ ಅಜ್ಜಿ ಜೊತೆ ಮಾತಾಡೋಕೆ ನಾಚಿಕೆ ಪಡುತ್ತಿದ್ದೆ. ಆ ನಾಚಿಕೆಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅಜ್ಜಿ ಈಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಪಾಲ್ ಹಾಲಾದರೆ ಚರಿತ್ರೆ. ಹಾಲು ಆಲಾದರೆ ತಪ್ಪಾ?

ನುಡಿಗಂಟು

ತಪ್ಪಲ್ಲ ತಾಯಿ. ಒಂದೇ ದಾರಿಯ ಮುಂದಿನ ಹೆಜ್ಜೆ. ತುಟಿ ಮುಚ್ಚಿ ಹೇಳುವ ಪ, ತುಟಿ ಸಡಿಲಾಗಿ ಬರೀ ಉಸಿರಾಗಿ ಹ, ಆ ಉಸಿರೂ ನಿಂತರೆ ಆಲು. ಪಂಪನ ಕಾಲದವರು ನಮ್ಮ "ಹೂವು" ಕೇಳಿದ್ದರೆ ಅವರಿಗೂ ಅದು ಸಡಿಲ ಮಾತು ಅನ್ನಿಸುತ್ತಿತ್ತೇನೋ. ನಿಮ್ಮ ಅಜ್ಜಿಯ ಮಾತಿನಲ್ಲೂ ನಿಯಮ ಇತ್ತು. ಹಾಲು, ಹಸು, ಹುಲಿ, ಹತ್ತು ಎಲ್ಲದರಲ್ಲೂ ಹ ಬಿಡುತ್ತಿದ್ದರು ತಾನೆ? ಬೇಕಾದ ಕಡೆ ಬಿಟ್ಟು ಬೇಡದ ಕಡೆ ಹಿಡಿಯುತ್ತಿರಲಿಲ್ಲ.

ಸಾಧನಕೇರಿ

ತಂಗೀ, ಆ ಆಡುಮಾತನ್ನು ಕಲಿಯೋಕೆ ಅಂತಲೇ ಅಮೆರಿಕದಿಂದ ಒಬ್ಬ ಬಂದಿದ್ದ, ವಿಲಿಯಂ ಬ್ರೈಟ್. 1950ರ ದಶಕದಲ್ಲಿ ಕನ್ನಡದ ಆಡುನುಡಿಯನ್ನು ಜನರ ಬಾಯಿಂದ ಕೇಳಿ ಬರೆದುಕೊಂಡ. ಅವನ ಪುಸ್ತಕ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಒಂದೇ ಊರಿನಲ್ಲಿ ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತೆ ಅನ್ನೋದನ್ನು ಆತ ಕನ್ನಡದ ಮೇಲೆ ಬರೆದಾಗ, ಸಮಾಜ ಮತ್ತು ಭಾಷೆ ಅನ್ನುವ ಶಾಖೆ ಇನ್ನೂ ಕಣ್ಣು ಬಿಡುತ್ತಿತ್ತು.

ಅಳತೆಯ ಬಗ್ಗೆ ಆಸಕ್ತಿ ಇರುವ ಸರ್‌ಗೆ ಒಂದು ಪ್ರಯೋಗ. 1962ರಲ್ಲಿ ವಿಲಿಯಂ ಲಬೋವ್ ಅನ್ನುವ ಭಾಷಾಶಾಸ್ತ್ರಜ್ಞ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದ. ಒಂದು ಶ್ರೀಮಂತರದ್ದು, ಒಂದು ಮಧ್ಯಮ ವರ್ಗದ್ದು, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಸಿಗುವ ಒಂದು ಸಾಮಾನು ಎಲ್ಲಿದೆ ಅಂತ ಕೆಲಸಗಾರರನ್ನು ಕೇಳೋದು. ಅವರು "ಫೋರ್ತ್ ಫ್ಲೋರ್" ಅಂತಾರೆ. ಕೇಳಿಸಲಿಲ್ಲ ಅನ್ನೋ ಹಾಗೆ ಮುಂದೆ ಬಾಗೋದು. ಅವರು ಬಿಡಿಸಿ ಇನ್ನೊಮ್ಮೆ ಹೇಳುತ್ತಾರೆ. ಮರೆಗೆ ಹೋಗಿ "ರ್" ಹೇಳಿದರಾ ಇಲ್ಲವಾ ಅಂತ ಬರೆದುಕೊಳ್ಳೋದು. 264 ಜನ. ಅಂಗಡಿ ದುಬಾರಿ ಆದಷ್ಟೂ "ರ್" ಜಾಸ್ತಿ. ಎರಡನೇ ಸಲ ಎಚ್ಚರದಿಂದ ಹೇಳುವಾಗ ಇನ್ನೂ ಜಾಸ್ತಿ. ಬಾಯಿಗೆ ಬಂದ ಹಾಗೆ ಆಡುತ್ತಾರೆ ಅಂತ ನಾವು ಅಂದುಕೊಂಡದ್ದನ್ನು ಎಣಿಸಿ ತೋರಿಸಿದ.

ನಮ್ಮ ಗಡಿಯ ಒಂದು ಊರನ್ನೂ ನೆನೆಯಬೇಕು. ಸಾಂಗ್ಲಿ ಜಿಲ್ಲೆಯ ಕುಪ್ವಾಡ. ಕನ್ನಡ, ಮರಾಠಿ, ಉರ್ದು ಆಡುವವರು ಶತಮಾನಗಳಿಂದ ಒಟ್ಟಿಗೆ ಇದ್ದಾರೆ. ಅಲ್ಲಿ ಮೂರೂ ಭಾಷೆಯ ವಾಕ್ಯದ ಅಚ್ಚು ಹೆಚ್ಚುಕಡಿಮೆ ಒಂದೇ ಆಗಿದೆ, ಪದಗಳು ಮಾತ್ರ ಬೇರೆ ಅಂತ ಗಂಪರ್ಜ್ ಮತ್ತು ವಿಲ್ಸನ್ ಅನ್ನುವ ಇಬ್ಬರು ವಿದ್ವಾಂಸರು 1971ರಲ್ಲಿ ತೋರಿಸಿದರು. ಮನೆತನದ ಮರ ಬಿಡಿಸಿದರಷ್ಟೇ ಭಾಷೆ ಅರ್ಥವಾಗಲ್ಲ ಅಂತ ಜಗತ್ತಿನ ವಿದ್ಯಾರ್ಥಿಗಳು ಈ ಊರಿನಿಂದ ಕಲಿಯುತ್ತಾರೆ.

ದೂರದೂರು

ಪರದೇಶದಲ್ಲಿದ್ದು ಮಗಳಿಗೆ ಕನ್ನಡ ಕಲಿಸುತ್ತಿರುವ ಅಮ್ಮ ನಾನು. ಯಾರೂ ಅಮೆರಿಕದ ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ ಹೆಸರು ಎತ್ತಲಿಲ್ಲವಲ್ಲ! 1957ರಲ್ಲಿ ಅವರ ಪುಟ್ಟ ಪುಸ್ತಕ ಬಂತು. 1959ರಲ್ಲಿ, ಮಾತು ಬರೀ ಅಭ್ಯಾಸದಿಂದ ಬರುತ್ತೆ ಅನ್ನುವ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ನ ವಾದವನ್ನು ಖಂಡಿಸಿ ಬರೆದರು. ಮಕ್ಕಳು ಬರೀ ಕೇಳಿದ್ದನ್ನು ಒಪ್ಪಿಸುವುದಿಲ್ಲ, ಯಾವತ್ತೂ ಕೇಳದ ವಾಕ್ಯ ಕಟ್ಟುತ್ತಾರೆ, ಅದಕ್ಕೆ ಬೇಕಾದ ಯಾವುದೋ ಸಿದ್ಧತೆ ಹುಟ್ಟಿನಿಂದಲೇ ಇರಬೇಕು ಅನ್ನೋದು ವಾದ. ಪ್ರಶ್ನೆ ಚರಿತ್ರೆಯಿಂದ ಮನಸ್ಸಿನ ಕಡೆಗೆ ತಿರುಗಿತು.

ಇದನ್ನು ಪರೀಕ್ಷಿಸಲು ಕನ್ನಡದ ಮಕ್ಕಳೇ ಬೇಕಾದರು ಅಂತ ತಿಳಿದಾಗ ಎಷ್ಟು ಖುಷಿಯಾಯಿತು! ನಮ್ಮ "ಇಸು" ಪ್ರತ್ಯಯ ನೋಡಿ. ಏರು – ಏರಿಸು, ಕುಣಿ – ಕುಣಿಸು. "ಇಸು" ಬಂದರೆ ಯಾರೋ ಮಾಡಿಸುತ್ತಿದ್ದಾರೆ ಅಂತ ಸುಳಿವು ಗಟ್ಟಿ. ಇಂಗ್ಲಿಷ್‌ನಲ್ಲಿ ಅಂಥ ಗುರುತಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅಂತ ನೋಡಬೇಕು. ಹಾಗಾದರೆ ಕನ್ನಡದ ಮಕ್ಕಳು ಯಾವುದನ್ನು ಹಿಡಿಯುತ್ತಾರೆ? ಜೆಫ್ರಿ ಲಿಡ್ಜ್, ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ ಅನ್ನುವ ಸಂಶೋಧಕರು ಮೂರು ವರ್ಷದ ಕನ್ನಡದ ಮಕ್ಕಳ ಮುಂದೆ ಆಟಿಕೆ ಇಟ್ಟು, ವಾಕ್ಯ ಹೇಳಿ, ಆಡಿ ತೋರಿಸು ಅಂದರು. "ಕುದುರೆ ಏರಿಸುತ್ತೆ" ಅನ್ನುವ ಥರದ್ದು, ಒಂದೇ ನಾಮಪದ ಆದರೆ "ಇಸು" ಇದೆ. "ಕುದುರೆ ಮೊಸಳೆಯನ್ನು ಏರುತ್ತೆ" ಅನ್ನುವ ಥರದ್ದು, ಎರಡು ನಾಮಪದ ಆದರೆ "ಇಸು" ಇಲ್ಲ. ಮಕ್ಕಳು "ಇಸು" ಕಡೆ ಗಮನವನ್ನೇ ಕೊಡಲಿಲ್ಲ. ನಾಮಪದ ಎಣಿಸಿದರು! ಎರಡಿದ್ದರೆ ಒಂದರಿಂದ ಇನ್ನೊಂದಕ್ಕೆ ಮಾಡಿಸಿದರು, ಒಂದಿದ್ದರೆ ಅದನ್ನೇ ಆಡಿಸಿದರು. ಗಟ್ಟಿ ಸುಳಿವು ಕೈಯಲ್ಲೇ ಇದ್ದರೂ ಇಂಗ್ಲಿಷ್ ಮಕ್ಕಳ ಹಾಗೇ ನಡೆದುಕೊಂಡರು. 2003ರಲ್ಲಿ ಇದು ಪ್ರಕಟವಾಯಿತು. ಹುಟ್ಟಿನಿಂದ ಬಂದ ಒಲವು ಇದು ಅಂತ ಅವರ ವಾದ. ಚಾಮ್‌ಸ್ಕಿ ಪಕ್ಷವನ್ನು ಒಪ್ಪದವರೂ ತುಂಬಾ ಜನ ಇದ್ದಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಚರ್ಚೆ ಮಾಡೋದು ಹೀಗೆ, ಆಟಿಕೆ ಇಟ್ಟು, ಎಣಿಸಿ.

ನೇತ್ರಾವತಿ_ತೀರ

ನುಡಿಗಂಟು ಅವರೇ, ನನ್ನ ಪಾಲಿನ ಉತ್ತರ ಬಾಕಿ ಇದೆ. ಪಾಲು ಯಾಕೆ ಹಾಲಾಗಲಿಲ್ಲ?

ನುಡಿಗಂಟು

ಮರೆತಿಲ್ಲ ಅಣ್ಣ. ಪಾಲು ಎರವಲು ಅಲ್ಲ, ಅಚ್ಚ ದ್ರಾವಿಡ ಪದ. ಮೊದಲಿಗೇ "ಪ" ಇದೆ. ಲೈಪ್ಜಿಗ್ ತರುಣರ ಪ್ರಕಾರ ಅದು ಹಾಲಾಗಲೇಬೇಕಿತ್ತು. ಅದರ ಪಕ್ಕದಲ್ಲೇ ಇನ್ನೂ ಸೋಜಿಗದ ಒಂದು ಜೋಡಿ ಇದೆ: ಪಡೆ ಮತ್ತು ಹಡೆ. ಎರಡೂ ಒಂದೇ ಧಾತು. ವರ ಪಡೆದ, ಅಂಕ ಪಡೆದ ಅನ್ನುವಾಗ ಪ ಉಳಿದಿದೆ. ಮಗು ಹಡೆಯುವಾಗ, ಹಡೆದವ್ವ ಅನ್ನುವಾಗ ಹ ಆಗಿದೆ. ನನಗನ್ನಿಸೋದು, ಹಡೆಯುವ ಮಾತು ಬಾಣಂತಿ ಕೋಣೆಯಲ್ಲಿ ಹೆಂಗಸರ ಬಾಯಲ್ಲಿ ಬೆಳೆಯಿತು. ಪಡೆಯುವ ಮಾತು, ಪಾಲಿನ ಮಾತು ಬರಹದಲ್ಲಿ, ದಾನಪತ್ರದಲ್ಲಿ ಓಡಾಡಿತು. ಬರಹ ಹಳೆಯದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ.

ಇದು ನನ್ನ ಅನಿಸಿಕೆ. ಆದರೆ ಇಂಥ ಪದಗಳೇ ಶಾಸ್ತ್ರವನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳಿದವು. ಬದಲಾವಣೆ ಎಲ್ಲ ಪದಗಳಿಗೂ ಒಂದೇ ಸಲ ಬಡಿಯಲ್ಲ, ಒಂದು ಪದದಿಂದ ಇನ್ನೊಂದಕ್ಕೆ ಹಬ್ಬುತ್ತೆ ಅಂತ ವಿಲಿಯಂ ವಾಂಗ್ ಅನ್ನುವ ಭಾಷಾಶಾಸ್ತ್ರಜ್ಞ 1969ರಲ್ಲಿ ವಾದಿಸಿದ. ಅದಕ್ಕೆ ಗಟ್ಟಿ ಆಧಾರ ಕೊಟ್ಟವರಲ್ಲಿ ತೆಲುಗಿನ ಭದ್ರಿರಾಜು ಕೃಷ್ಣಮೂರ್ತಿಯವರು ಒಬ್ಬರು. ನಮ್ಮ ಎರಡು ತೆಲುಗಿನಲ್ಲಿ ರೆಂಡು, ಒರಳು ಅಲ್ಲಿ ರೋಲು. ಮೊದಲ ಸ್ವರ ಜಾರಿ ಹಿಂದಕ್ಕೆ ಹೋಗಿದೆ. ಗೋಂಡಿ, ಕುಯಿ, ಕುವಿಯಂಥ ಭಾಷೆಗಳಲ್ಲಿ ಈ ಜಾರುವಿಕೆ ಯಾವ ಯಾವ ಪದಕ್ಕೆ ಮುಟ್ಟಿದೆ, ಯಾವುದಕ್ಕೆ ಇನ್ನೂ ಮುಟ್ಟಿಲ್ಲ ಅಂತ ಒಂದೊಂದೇ ಪದ ಎಣಿಸಿ 1978ರಲ್ಲಿ ತೋರಿಸಿದರು. ಬದಲಾವಣೆ ಅಲ್ಲಿ ನೂರಾರು ವರ್ಷಗಳಿಂದ ನಿಧಾನವಾಗಿ ನಡೆಯುತ್ತಲೇ ಇದೆ.

ತೂಕ_ಅಳತೆ

ಹಾಗಾದರೆ ಕನ್ನಡದಲ್ಲಿ ಪ ಉಳಿಸಿಕೊಂಡ ಅಚ್ಚಗನ್ನಡ ಪದಗಳನ್ನು ಎಣಿಸಬಹುದಲ್ಲ? ಬರಹದ ಪದ ಎಷ್ಟು, ಮನೆಮಾತಿನ ಪದ ಎಷ್ಟು ಅಂತ. ನಿಮ್ಮ ಅನಿಸಿಕೆ ಸರಿಯೋ ತಪ್ಪೋ ಲೆಕ್ಕವೇ ಹೇಳುತ್ತೆ.

ಕಬಿನಿ_ದಡ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಸೋಮವಾರ ಏನಾಯಿತು ಅಂತ ಹೇಳುತ್ತೇನೆ. ಹುಡುಗಿಯನ್ನು ಬೋರ್ಡಿಗೆ ಕರೆದು ಪಟ್ಟಿ ಬರೆಸಿದೆ. ಅಂಕ ಕಳೆದಿದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ತುಂಬಾ ನಾಚಿಕೊಂಡಳು. ಮಂಗಳೂರಿನಿಂದ ವರ್ಗವಾಗಿ ಬಂದ ಒಬ್ಬ ಹುಡುಗ ಎದ್ದು ಪಿಲಿ, ಪೂ ಸೇರಿಸಿದ. ಹಿಂದಿನ ಬೆಂಚಿನಿಂದ ಒಬ್ಬ, ನಮ್ಮ ತಾತ "ಉಲಿ" ಅಂತಾರೆ ಮಿಸ್ ಅಂದ. ಯಾರೂ ನಗಲಿಲ್ಲ. ಬೋರ್ಡಿನ ಮೇಲೆ ಪುಲಿ, ಪಿಲಿ, ಹುಲಿ, ಉಲಿ ನಾಲ್ಕನ್ನೂ ಒಂದರ ಕೆಳಗೊಂದು ಬರೆದೆವು.

ವಿಜ್ಞಾನದ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುತ್ತಾ, "ಪಾಲು, ಪಡೆ ಥರದವನ್ನು ಬೇರೆ ಹಾಳೆಯಲ್ಲಿ ಬರೆಸಿ, ಜೊತೆಗೆ ಪ್ರತಿ ಪದವನ್ನು ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಬರೆಸಿ" ಅಂದರು. ಗ್ರಾಫ್ ಶೀಟ್ ಅವರೇ ಕೊಡುತ್ತಾರಂತೆ. ಮಕ್ಕಳು ಈ ಭಾನುವಾರ ಅಜ್ಜಿ ತಾತಂದಿರ ಹತ್ತಿರ ಕೂರುತ್ತಾರೆ. ಕೆಂಪುಮಣ್ಣು ಅವರೇ, ನಿಮ್ಮ ಅಜ್ಜಿಯ ಆ ಮಾತನ್ನು ಪಟ್ಟಿಯ ಮೊದಲ ಸಾಲಿಗೆ ಹಾಕಿಕೊಳ್ಳಲಾ?

ಕೆಂಪುಮಣ್ಣು

ಹಾಕಿಕೊಳ್ಳಿ ಮೇಡಂ. "ಆಲು ಕುಡ್ಕೊ ಮಗಾ." ಹಾಗೇ ಬರೆಯಿರಿ, ತಿದ್ದಬೇಡಿ.